ನೊಂದ ಮಕ್ಕಳೂ ಸ್ಪರ್ಧೆಯ ದಾನವೂ

ದಾನವು ಧರ್ಮದ ಅಂಗಗಳಲ್ಲಿ ಪ್ರಧಾನವಾದುದೆಂಬುದರಲ್ಲಿ ಯಾವ ಮತದವರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಕೊಟ್ಟದ್ದೆಲ್ಲವೂ ದಾನವಾಗುವುದಿಲ್ಲವೆಂಬ ಎಚ್ಚರವನ್ನೂ ಹಿರಿಯರು ಮೊದಲಿನಿಂದ ಕಾಯ್ದುಕೊಂಡು ಬಂದಿದ್ದಾರೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ದಾನವನ್ನು ಸಾತ್ತ್ವಿಕ, ರಾಜಸ, ತಾಮಸವೆಂದು ಮೂರಾಗಿ ವಿಂಗಡಿಸುತ್ತದೆ. ಪ್ರತ್ಯುಪಕಾರವನ್ನು ಬಯಸದೆ, ಕೊಡುವುದು ಕರ್ತವ್ಯವೆಂಬ ಒಂದೇ ಬುದ್ಧಿಯಿಂದ, ದೇಶ ಕಾಲ ಪಾತ್ರಗಳನ್ನರಿತು ಕೊಟ್ಟದ್ದು ಮೊದಲನೆಯದು. ಫಲವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟದ್ದು ಎರಡನೆಯದು. ಪಡೆಯುವವನನ್ನು ಅನಾದರದಿಂದ ಕಂಡು ಕೊಟ್ಟದ್ದು ಕಡೆಯದು. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ಗುರುಕುಲವನ್ನು ಬಿಟ್ಟು ಹೊರಡುವ ಶಿಷ್ಯನಿಗೆ ಆಚಾರ್ಯನು ಮಾಡುವ ಉಪದೇಶದಲ್ಲಿ, ಶ್ರದ್ಧೆಯಿಂದ ಕೊಡಬೇಕೆಂಬುದರ ಜೊತೆಗೆ ಲಜ್ಜೆಯಿಂದ ಕೊಡಬೇಕೆಂಬ ಮಾತೂ ಇದೆ. ಕೊಡುವ ಸಮಯದಲ್ಲಿ ನಾಚಬೇಕಾದವನು ಪಡೆಯುವವನಲ್ಲ, ಕೊಡುವವನು ಎಂಬುದು ಆ ಮಾತಿನ ಸ್ವಾರಸ್ಯ. ಕೊಡುವ ಕೈ ನಾಚದೆ ಹೋದಾಗ, ಪಡೆಯುವ ಕೈ ನಾಚಬೇಕಾಗುತ್ತದೆ. ಆ ಕೈ ಎಳೆಯ ಮಗುವಿನದಾದರೆ ಆ ನಾಚಿಕೆಯು ಬಹುಕಾಲ ಉಳಿಯುತ್ತದೆ.

ಈ ವಿಚಾರವನ್ನು ಇಂದು ಮತ್ತೆ ಎತ್ತಿಕೊಳ್ಳುವುದಕ್ಕೆ ಕಾರಣವಿದೆ. ಕನ್ನಡ ನಾಡು ಕಳೆದ ಎರಡು ದಶಕಗಳಲ್ಲಿ ಹಲವು ವಿಪತ್ತುಗಳನ್ನು ಕಂಡಿತು. ೨೦೦೯ನೆಯ ಇಸವಿಯ ಸೆಪ್ಟೆಂಬರ್ ಕಡೆಯಲ್ಲಿ ಮತ್ತು ಅಕ್ಟೋಬರ್ ಮೊದಲಲ್ಲಿ ಸುರಿದ ಮಳೆಗೆ ವಿಜಯಪುರ, ಬಾಗಲಕೋಟೆ, ರಾಯಚೂರು, ಗದಗ, ಕೊಪ್ಪಳ ಮುಂತಾದ ಜಿಲ್ಲೆಗಳು ತತ್ತರಿಸಿದವು. ರಾಜ್ಯದಲ್ಲಿ ೨೦೦ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ೨೦೧೮ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಜರಿದವು. ಮರುವರ್ಷದ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಏಕಕಾಲಕ್ಕೆ ಉಕ್ಕಿದವು. ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೂ ನೀರು ಬಂದಿತು. ರಾಜ್ಯದ ೨೨ ಜಿಲ್ಲೆಗಳು ಪ್ರವಾಹಪೀಡಿತವಾದವು. ೨೦೨೪ರ ಜುಲೈ ೩೦ರ ನಸುಕಿನಲ್ಲಿ ನೆರೆಯ ಕೇರಳದ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆಗಳ ಮೇಲೆ ಗುಡ್ಡವೇ ಇಳಿದು ಬಂದಾಗ ಕನ್ನಡಿಗರೂ ಮರುಗಿದರು.

ಇಂಥ ಸಂದರ್ಭಗಳಲ್ಲೆಲ್ಲ ಜನರ ಔದಾರ್ಯವೂ ನೆರೆಯಂತೆಯೇ ಉಕ್ಕಿ ಬಂದಿತೆಂಬುದನ್ನು ಸಂತೋಷದಿಂದ ಒಪ್ಪಿಕೊಳ್ಳಬೇಕು. ಉತ್ತರ ಕರ್ನಾಟಕದ ಹಳ್ಳಿಗಳ ತಾಯಂದಿರು ರಾತ್ರಿಯೆಲ್ಲ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿದು, ಶೇಂಗಾ ಚಟ್ನಿಯೊಡನೆ ಗಂಟು ಕಟ್ಟಿ, ಕಂಡರಿಯದ ಊರುಗಳಿಗೆ ಕಳುಹಿಸಿದರು. ಆ ರೊಟ್ಟಿಯ ಗಂಟಿನ ಮೇಲೆ ಬಡಿದವರ ಹೆಸರಿರಲಿಲ್ಲ. ಇಂತಿಂಥವರಿಗೇ ಸಲ್ಲಬೇಕೆಂಬ ಷರತ್ತೂ ಇರಲಿಲ್ಲ. ಹಸಿದವರು ಉಂಡರು, ಅಷ್ಟೇ ಅದರ ಲೆಕ್ಕ.

ಆದರೆ ಈ ಔದಾರ್ಯದ ಪಕ್ಕದಲ್ಲಿಯೇ ಇನ್ನೊಂದು ಪದ್ಧತಿಯೂ ಬೆಳೆಯುತ್ತಿದೆ. ವಿಪತ್ತಿಗೆ ಸಿಕ್ಕಿದ ಊರುಗಳ ಶಾಲೆಗಳಿಗೆ ಹೋಗಿ ಅಲ್ಲಿಯ ಮಕ್ಕಳಿಗಾಗಿ ಪ್ರಬಂಧ, ಚಿತ್ರಕಲೆ, ಭಾಷಣ ಮುಂತಾದ ಸ್ಪರ್ಧೆಗಳನ್ನು ಏರ್ಪಡಿಸುವುದು. ಗೆದ್ದವರಿಗೆ ನೆರವಿನ ವಸ್ತುವನ್ನೇ ಬಹುಮಾನವಾಗಿ ಹಂಚುವುದು. ಏರ್ಪಡಿಸುವವರಲ್ಲಿ ಬಹುಮಂದಿ ಸದ್ಭಾವದವರೇ. ಮಕ್ಕಳ ಮುಖದಲ್ಲಿ ಒಂದು ದಿನವಾದರೂ ನಗು ಮೂಡಲಿ ಎಂದು ಬಯಸುವವರು ಅವರು. ಆದುದರಿಂದ ಇಲ್ಲಿ ವಿಮರ್ಶೆಗೆ ಗುರಿಯಾಗಬೇಕಾದದ್ದು ಪದ್ಧತಿಯೇ ಹೊರತು ವ್ಯಕ್ತಿಗಳಲ್ಲ. ಸದ್ಭಾವದಿಂದ ಮಾಡಿದ ಕಾರ್ಯವೂ ಅವಿಚಾರದಿಂದ ಕೂಡಿದ್ದರೆ ಅನರ್ಥಕ್ಕೆ ಕಾರಣವಾದೀತು. ಮಕ್ಕಳ ವಿಷಯದಲ್ಲಂತೂ ಆ ಅನರ್ಥವು ಬೇಗ ಕಣ್ಣಿಗೆ ಬೀಳುವುದಿಲ್ಲ.

ವಿಚಾರ ಸ್ಪಷ್ಟವಾಗಲೆಂದು ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಮಲಪ್ರಭೆಯ ದಂಡೆಯಲ್ಲಿ ಒಂದು ಹಳ್ಳಿ. ನೀರು ಇಳಿದು ತಿಂಗಳಾಗಿದೆ. ಮಣ್ಣು ಕಲ್ಲಿನ ಗೋಡೆಗಳು ನೆನೆದು ಕುಸಿದಿವೆ. ಹಗೇವಿನ ಜೋಳ ಕೊಳೆತಿದೆ. ಕೆಲವು ಮನೆಯವರು ಇನ್ನೂ ಕಾಳಜಿ ಕೇಂದ್ರದಲ್ಲಿಯೇ ಇದ್ದಾರೆ. ಶಾಲೆಯಲ್ಲಿ ಅರುವತ್ತು ಮಕ್ಕಳು. ಅರುವತ್ತು ಮಕ್ಕಳ ಪಾಟಿಚೀಲಗಳೂ ಹೊಳೆಯ ಪಾಲಾಗಿವೆ. ಪಟ್ಟಣದಿಂದ ಉದಾರಿಗಳ ತಂಡವೊಂದು ಬರುತ್ತದೆ. ‘ನೆರೆ ಬಂದ ರಾತ್ರಿ’ ಎಂಬ ವಿಷಯವನ್ನು ಕರಿಹಲಗೆಯ ಮೇಲೆ ಬರೆಯುತ್ತಾರೆ. ಒಂದು ಗಂಟೆಯ ಅವಧಿ. ಮೊದಲ ಬಹುಮಾನ ಸೈಕಲ್ಲು, ಎರಡನೆಯದು ಪುಸ್ತಕ ಬಟ್ಟೆಗಳ ಚೀಲ, ಮೂರನೆಯದು ಕಂಬಳಿ. ಸಂಜೆ ಸಭೆ, ಹಾರ, ಛಾಯಾಚಿತ್ರ. ಮೂವರು ಮಕ್ಕಳು ವೇದಿಕೆಯ ಮೇಲೆ; ಐವತ್ತೇಳು ಮಕ್ಕಳು ಕೆಳಗೆ, ಚಪ್ಪಾಳೆ ತಟ್ಟುವುದಕ್ಕೆ.

ಇಲ್ಲಿ ತಪ್ಪೇನು ಎಂದು ಕೇಳುವವರಿರಬಹುದು. ತಪ್ಪು ಒಂದಲ್ಲ, ಮೂರು.

ಮೊದಲನೆಯದು ಅರ್ಹತೆಗೂ ಅಗತ್ಯಕ್ಕೂ ಇರುವ ಭೇದವನ್ನು ಮರೆತದ್ದು. ಬಹುಮಾನವು ಅರ್ಹತೆಗೆ ಸಲ್ಲತಕ್ಕದ್ದು. ನೆರವು ಅಗತ್ಯಕ್ಕೆ ಸಲ್ಲತಕ್ಕದ್ದು. ಚೆನ್ನಾಗಿ ಓಡಿದವನಿಗೆ ಪದಕ ಕೊಡುವುದು ನ್ಯಾಯ. ಚೆನ್ನಾಗಿ ಓಡಿದವನಿಗೆ ಮಾತ್ರ ಔಷಧ ಕೊಡುವುದು ಅನ್ಯಾಯ. ಮೇಲಿನ ದೃಷ್ಟಾಂತದಲ್ಲಿ ಕಂಬಳಿಯು ಚಳಿಯಲ್ಲಿ ನಡುಗುವ ಮಗುವಿಗೆ ಹೋಗದೆ, ಭಾಷೆಯ ಮೇಲೆ ಹಿಡಿತವಿದ್ದ ಮಗುವಿಗೆ ಹೋಯಿತು. ಮೂರು ಮೈಲಿ ನಡೆದು ಬರುವ ಹುಡುಗಿಗೆ ಸಿಗಬೇಕಾದ ಸೈಕಲ್ಲು ಶಾಲೆಯ ಎದುರಿಗೇ ಮನೆಯಿರುವ ಹುಡುಗನಿಗೆ ಹೋಗಿರಲೂಬಹುದು. ೨೦೦೨ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಶಾಲಾಮಕ್ಕಳ ಮಧ್ಯಾಹ್ನದ ಊಟದ ಯೋಜನೆ ಆರಂಭವಾದಾಗ ಅದಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟದ್ದು ಎಷ್ಟು ಉಚಿತ! ಗಣಿತದಲ್ಲಿ ಮೊದಲಿಗನಾದವನಿಗೂ ಮಗ್ಗಿ ಬಾರದವನಿಗೂ ಅಲ್ಲಿ ಒಂದೇ ಸೌಟು. ಅನ್ನಕ್ಕೆ ಪರೀಕ್ಷೆಯಿಲ್ಲವೆಂಬ ತತ್ತ್ವವನ್ನು ಸರಕಾರವೇ ಒಪ್ಪಿರುವಲ್ಲಿ, ನೆರೆಯಿಂದ ನೊಂದ ಮಗುವಿನ ಕಂಬಳಿಗೆ ಪರೀಕ್ಷೆಯನ್ನೊಡ್ಡುವುದು ಹೇಗೆ ಸರಿಯಾದೀತು?

ಎರಡನೆಯದು ದುಃಖವನ್ನು ಸರಕನ್ನಾಗಿ ಮಾಡಿದ್ದು. ತನಗಾದ ಹಾನಿಯನ್ನು ಬಣ್ಣಿಸಿದರೆ ಬಹುಮಾನ ಬರುತ್ತದೆಂದು ಮಗುವಿಗೆ ಒಮ್ಮೆ ತಿಳಿಯಿತೆಂದರೆ, ಹೆಚ್ಚು ಹಾನಿಯನ್ನು ಬಣ್ಣಿಸಿದರೆ ಹೆಚ್ಚಿನ ಬಹುಮಾನ ಬಂದೀತೆಂಬುದನ್ನು ಊಹಿಸಲು ಅದಕ್ಕೆ ಬಹಳ ಹೊತ್ತು ಬೇಡ. ಒಂದು ಗೋಡೆ ಬಿದ್ದವನು ಮನೆಯೇ ಬಿತ್ತೆಂದು ಬರೆಯುತ್ತಾನೆ. ಆಕಳು ದಡ ಸೇರಿದ್ದರೂ ಪ್ರಬಂಧದಲ್ಲಿ ಅದು ಕೊಚ್ಚಿಹೋಗುತ್ತದೆ. ಮಗು ಸುಳ್ಳು ಹೇಳಿತೆಂದು ಅದನ್ನು ದೂಷಿಸುವಂತಿಲ್ಲ. ಆ ಸುಳ್ಳಿಗೆ ಬೆಲೆ ಕಟ್ಟಿದವರು ಹಿರಿಯರು. ಇನ್ನೊಂದು ಕಡೆ, ನಿಜವಾಗಿಯೂ ತಮ್ಮನನ್ನೋ ಅಜ್ಜಿಯನ್ನೋ ಹೊಳೆಗೆ ಕೊಟ್ಟ ಮಗುವು ಒಂದಕ್ಷರವನ್ನೂ ಬರೆಯಲಾರದೆ ಖಾಲಿ ಹಾಳೆಯನ್ನು ಹಿಂದಿರುಗಿಸುತ್ತದೆ. ತೀರ್ಪುಗಾರರು ಆ ಹಾಳೆಗೆ ಸೊನ್ನೆ ಕೊಡುತ್ತಾರೆ. ನಿಯಮದಂತೆ ಅದು ಸರಿ. ಆದರೆ ಆ ಶಾಲೆಯಲ್ಲಿ ಅಂದು ಬರೆದ ಪ್ರಬಂಧಗಳಲ್ಲಿ ಅತ್ಯಂತ ಸತ್ಯವಾದದ್ದು ಆ ಖಾಲಿ ಹಾಳೆಯೇ ಆಗಿದ್ದರೆ?

ಈ ಸಂಗತಿಯನ್ನು ಭಾರತೀಯ ಕಾವ್ಯಮೀಮಾಂಸಕರು ಬಹು ಹಿಂದೆಯೇ ಸೂಕ್ಷ್ಮವಾಗಿ ಕಂಡಿದ್ದರು. ಕರುಣರಸದ ಸ್ಥಾಯಿಭಾವ ಶೋಕ. ಆದರೆ ಶೋಕವೇ ರಸವಲ್ಲ. ಕ್ರೌಂಚಮಿಥುನದಲ್ಲಿ ಗಂಡು ಹಕ್ಕಿಯು ಬೇಡನ ಬಾಣಕ್ಕೆ ಗುರಿಯಾದಾಗ ಹೆಣ್ಣು ಹಕ್ಕಿಯು ರೋದಿಸಿತು. ಶ್ಲೋಕವು ಹುಟ್ಟಿದ್ದು ಆ ಹಕ್ಕಿಯ ಬಾಯಲ್ಲಲ್ಲ, ಅದನ್ನು ಕಂಡ ವಾಲ್ಮೀಕಿಯ ಬಾಯಲ್ಲಿ. ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಈ ಪ್ರಸಂಗವನ್ನು ಪ್ರಸ್ತಾಪಿಸಿದ್ದಾನೆ. ಅದಕ್ಕೆ ‘ಲೋಚನ’ವೆಂಬ ವ್ಯಾಖ್ಯಾನವನ್ನು ಬರೆದ ಅಭಿನವಗುಪ್ತನು, ಅಲ್ಲಿಯ ಶೋಕವು ಮುನಿಯ ಸ್ವಂತ ಶೋಕವೆಂದು ಭಾವಿಸಬಾರದೆಂದು ಎಚ್ಚರಿಸುತ್ತಾನೆ. ಸ್ವಂತದ ದುಃಖದಲ್ಲಿ ಮುಳುಗಿದವನು ಕಾವ್ಯವನ್ನು ರಚಿಸುವ ಸ್ಥಿತಿಯಲ್ಲಿರುವುದಿಲ್ಲ. ದುಃಖವು ಹದವಾಗಿ, ಸ್ವಂತದ ಎಲ್ಲೆಯನ್ನು ದಾಟಿ, ಎಲ್ಲರದೂ ಆದ ಮೇಲೆ ಮಾತ್ರ ಅದು ಮಾತಾಗಿ ಹೊಮ್ಮೀತು. ಅದಕ್ಕೆ ವರ್ಷಗಳೇ ಬೇಕಾಗಬಹುದು. ನೀರಿಳಿದ ತಿಂಗಳೊಳಗೆ, ಒಂದು ಗಂಟೆಯ ಅವಧಿಯಲ್ಲಿ, ನೊಂದ ಮಗುವಿನಿಂದ ‘ಭಾವಪೂರ್ಣ’ವಾದ ಪ್ರಬಂಧವನ್ನು ಕೇಳುವುದೆಂದರೆ ಆ ಕ್ರೌಂಚಿಯನ್ನೇ ಶ್ಲೋಕರಚನೆಯ ಸ್ಪರ್ಧೆಗೆ ಕರೆದಂತಲ್ಲವೆ?

ಅಲಂಕಾರಶಾಸ್ತ್ರದ ಮಾತನ್ನು ಆಧುನಿಕರು ಒಪ್ಪದಿದ್ದರೂ ವೈದ್ಯಶಾಸ್ತ್ರದ ಮಾತನ್ನು ಒಪ್ಪಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಇತರ ಸಂಸ್ಥೆಗಳೊಡನೆ ೨೦೧೧ರಲ್ಲಿ ಹೊರತಂದ ಮಾನಸಿಕ ಪ್ರಥಮೋಪಚಾರದ ಕೈಪಿಡಿಯು, ವಿಪತ್ತಿಗೆ ಸಿಕ್ಕಿದವರನ್ನು ನಡೆದದ್ದನ್ನು ಹೇಳುವಂತೆ ಒತ್ತಾಯಿಸಬಾರದೆಂದು ತಿಳಿಸುತ್ತದೆ. ಅವರಾಗಿ ಹೇಳಿದರೆ ಕೇಳಬೇಕು. ಹೇಳದಿದ್ದರೆ ಸುಮ್ಮನೆ ಬಳಿಯಲ್ಲಿರಬೇಕು. ಮೊದಲು ಅವರ ಆವಶ್ಯಕತೆಗಳನ್ನು ಪೂರೈಸಬೇಕು ಎಂಬುದು ಅದರ ಸಾರ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೯೯ರ ಒಡಿಶಾದ ಚಂಡಮಾರುತ, ೨೦೦೧ರ ಗುಜರಾತಿನ ಭೂಕಂಪ, ೨೦೦೪ರ ಸುನಾಮಿ ಇವುಗಳ ನಂತರ ಸಂತ್ರಸ್ತರ ಮನಸ್ಸಿನ ಆರೈಕೆಗಾಗಿ ದುಡಿದವರು. ಆಟ, ಹಾಡು, ಚಿತ್ರಗಳು ಮಕ್ಕಳ ಆರೈಕೆಯ ಸಾಧನಗಳಾಗಬಲ್ಲವೆಂಬುದು ಇಂಥ ಕಾರ್ಯದಲ್ಲಿ ತೊಡಗಿದವರೆಲ್ಲರೂ ಬಲ್ಲ ವಿಷಯ. ಆದರೆ ಆರೈಕೆಗಾಗಿ ಮಗುವಿನ ಕೈಗೆ ಬಣ್ಣ ಕೊಡುವುದು ಬೇರೆ, ಬಹುಮಾನಕ್ಕಾಗಿ ಬಣ್ಣ ಕೊಡುವುದು ಬೇರೆ. ಮೊದಲನೆಯದರಲ್ಲಿ ಮಗು ಚಿತ್ರವನ್ನು ಹರಿದು ಎಸೆದರೂ ಅದಕ್ಕೆ ಅರ್ಥವಿದೆ. ಎರಡನೆಯದರಲ್ಲಿ ಹರಿದೆಸೆದವನು ಸೋತವನು.

ಮೂರನೆಯ ತಪ್ಪು ಇವೆರಡಕ್ಕಿಂತಲೂ ಘೋರವಾದದ್ದು. ವಿಪತ್ತಿನ ಕಾಲದಲ್ಲಿ ಒಂದು ಊರಿಗೆ ಉಳಿಯುವ ಬಲವಾದ ಆಸ್ತಿಯೆಂದರೆ ‘ಎಲ್ಲರಿಗೂ ಆದದ್ದು’ ಎಂಬ ಭಾವ. ಕನ್ನಡದಲ್ಲಿ ‘ನೆರೆ’ ಎಂಬ ಶಬ್ದಕ್ಕೆ ಉಕ್ಕಿ ಬರುವ ನೀರು ಎಂಬ ಅರ್ಥವೂ ಉಂಟು, ಪಕ್ಕದ ಮನೆ ಎಂಬ ಅರ್ಥವೂ ಉಂಟು, ಒಟ್ಟುಗೂಡುವುದು ಎಂಬ ಅರ್ಥವೂ ಉಂಟು. ನೀರು ಬಂದ ರಾತ್ರಿ ಪಕ್ಕದ ಮನೆಯವರ ಮಗುವನ್ನು ಹೆಗಲಿಗೇರಿಸಿಕೊಂಡು ಮಾಳಿಗೆ ಹತ್ತಿದವರು, ಒಂದೇ ಪಾತ್ರೆಯ ಗಂಜಿಯನ್ನು ಹಂಚಿಕೊಂಡವರು, ಒಂದೇ ತಾಡಪತ್ರಿಯ ಕೆಳಗೆ ಮಲಗಿದವರು ಈ ಮೂರೂ ಅರ್ಥಗಳನ್ನು ಒಟ್ಟಿಗೆ ಅನುಭವಿಸಿದವರು. ಅಂಥವರ ಮಕ್ಕಳನ್ನು ಸಾಲಾಗಿ ಕೂಡಿಸಿ, ಅವರಲ್ಲಿ ಯಾರ ಸಂಕಟ ಹೆಚ್ಚು ಚೆನ್ನಾಗಿದೆಯೆಂದು ತೀರ್ಪು ಕೊಟ್ಟು ಹೋದಮೇಲೆ ಆ ಊರಿನಲ್ಲಿ ಉಳಿಯುವುದೇನು? ಸೈಕಲ್ಲು ಪಡೆದ ಹುಡುಗನು ಮರುದಿನ ಗೆಳೆಯರ ನಡುವೆ ಅದನ್ನು ಹತ್ತುವುದಕ್ಕೆ ಅಳುಕುತ್ತಾನೆ. ಅವನ ತಾಯಿ ನೆರೆಮನೆಯವಳ ಕಣ್ಣು ತಪ್ಪಿಸುತ್ತಾಳೆ. ಊರನ್ನು ನೆರೆ ಒಂದಾಗಿ ಮುಳುಗಿಸಿತು. ನೆರವು ಬಂದು ಅದನ್ನು ಒಡೆಯಬಾರದು.

ಸರಕಾರವೂ ಹಾನಿಯನ್ನು ಅಳೆಯುವುದಿಲ್ಲವೆ ಎಂದು ಯಾರಾದರೂ ಕೇಳಬಹುದು. ಅಳೆಯುತ್ತದೆ, ಅಳೆಯಲೇಬೇಕು. ೨೦೧೯ರಲ್ಲಿ ನೆರೆಪೀಡಿತ ಕುಟುಂಬಗಳಿಗೆ ತುರ್ತಾಗಿ ತಲಾ ೧೦,೦೦೦ ರೂಪಾಯಿಗಳನ್ನು ಕೊಡಲಾಯಿತು. ಆಮೇಲೆ ಬಿದ್ದ ಮನೆಗಳನ್ನು ಹಾನಿಯ ಪ್ರಮಾಣಕ್ಕನುಸಾರವಾಗಿ ಎ, ಬಿ, ಸಿ ಎಂದು ವರ್ಗೀಕರಿಸಿ ಪರಿಹಾರವನ್ನು ಗೊತ್ತುಮಾಡಲಾಯಿತು. ಆ ವರ್ಗೀಕರಣದಲ್ಲಿ ತಕರಾರುಗಳೂ ಹುಟ್ಟಿದವು. ಆದರೂ ಅಲ್ಲಿ ಅಳೆದದ್ದು ಗೋಡೆಯನ್ನು. ಮನೆಯ ಯಜಮಾನನ ಕಣ್ಣೀರನ್ನಲ್ಲ. ಅಳತೆ ತಪ್ಪಿದ್ದರೆ ಅರ್ಜಿ ಕೊಟ್ಟು ತಿದ್ದಿಸಿಕೊಳ್ಳುವ ಹಕ್ಕೂ ಅಲ್ಲಿತ್ತು. ತನ್ನ ದುಃಖಕ್ಕೆ ನೂರಕ್ಕೆ ನಲವತ್ತು ಅಂಕ ಬಂದಿತೆಂದು ಮಗುವು ಯಾರಲ್ಲಿ ಅರ್ಜಿ ಕೊಟ್ಟೀತು?

ಇಲ್ಲಿ ಕೆಲವು ಪೂರ್ವಪಕ್ಷಗಳನ್ನು ಪರಿಶೀಲಿಸುವುದು ನ್ಯಾಯ.

‘ಕೈಯಲ್ಲಿರುವುದು ಒಂದೇ ಸೈಕಲ್ಲು, ಮಕ್ಕಳು ಅರುವತ್ತು. ಸ್ಪರ್ಧೆಯನ್ನಿಡದೆ ಹೇಗೆ ಹಂಚುವುದು?’ ಎಂಬುದು ಮೊದಲ ಪ್ರಶ್ನೆ. ಪ್ರಶ್ನೆ ಪ್ರಾಮಾಣಿಕವಾದದ್ದು. ಆದರೆ ಅದಕ್ಕೆ ಉತ್ತರಗಳು ಹಲವಿವೆ. ಒಂದು ಸೈಕಲ್ಲಿನ ಬೆಲೆಯಲ್ಲಿ ಅರುವತ್ತು ಮಕ್ಕಳಿಗೂ ನೋಟುಪುಸ್ತಕಗಳು ಬಂದಾವು. ಸೈಕಲ್ಲನ್ನೇ ಕೊಡಬೇಕೆಂದಿದ್ದರೆ ಅತಿ ದೂರದಿಂದ ಬರುವ ಮಗು ಯಾವುದೆಂಬುದು ಆ ಊರಿನ ಮಾಸ್ತರಿಗೆ ಗೊತ್ತು. ಅವರನ್ನು ಏಕಾಂತದಲ್ಲಿ ಕೇಳಿ, ಸಭೆಯಿಲ್ಲದೆ, ಸದ್ದಿಲ್ಲದೆ ಆ ಮನೆಗೆ ಮುಟ್ಟಿಸಬಹುದು. ಅಥವಾ ಸೈಕಲ್ಲು ಶಾಲೆಯ ಆಸ್ತಿಯಾಗಿ, ಬೇಕಾದವರು ಸರದಿಯಂತೆ ಬಳಸಬಹುದು. ಇವಾವುವೂ ಸಾಧ್ಯವಾಗದಿದ್ದರೆ ಚೀಟಿ ಎತ್ತುವುದೇ ಮೇಲು. ಚೀಟಿಯಲ್ಲಿ ಬಾರದ ಮಗು ‘ನನ್ನ ಅದೃಷ್ಟದಲ್ಲಿರಲಿಲ್ಲ’ ಎಂದುಕೊಳ್ಳುತ್ತದೆ. ಸ್ಪರ್ಧೆಯಲ್ಲಿ ಬಾರದ ಮಗು ‘ನಾನು ಯೋಗ್ಯನಲ್ಲ’ ಎಂದುಕೊಳ್ಳುತ್ತದೆ. ಎರಡನೆಯ ಗಾಯವು ಮೊದಲನೆಯದಕ್ಕಿಂತ ಆಳವಾದದ್ದು.

‘ಸುಮ್ಮನೆ ಕೊಟ್ಟರೆ ಅದು ಭಿಕ್ಷೆಯಾಗುತ್ತದೆ, ಗೆದ್ದು ಪಡೆದರೆ ಸ್ವಾಭಿಮಾನ ಉಳಿಯುತ್ತದೆ’ ಎಂಬುದು ಎರಡನೆಯ ವಾದ. ಇದು ಎಲ್ಲಕ್ಕಿಂತ ಬಲವಾದ ವಾದ, ತಳ್ಳಿಹಾಕತಕ್ಕದ್ದಲ್ಲ. ಬಿಟ್ಟಿಯಾಗಿ ಪಡೆಯುವುದು ಮನುಷ್ಯನನ್ನು ಕುಗ್ಗಿಸುತ್ತದೆಂಬುದು ಕಾಯಕತತ್ತ್ವವನ್ನು ಬಲ್ಲವರಿಗೆ ಹೊಸದಲ್ಲ. ಆದರೆ ಇಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಒಂದು, ಗೆದ್ದ ಮೂವರ ಸ್ವಾಭಿಮಾನವನ್ನು ಉಳಿಸುವುದಕ್ಕಾಗಿ ಸೋತ ಐವತ್ತೇಳು ಮಕ್ಕಳ ಸ್ವಾಭಿಮಾನವನ್ನು ಬಲಿಗೊಡುವುದು ಯಾವ ಲೆಕ್ಕದಲ್ಲಿಯೂ ಲಾಭವಲ್ಲ. ಎರಡು, ಭಿಕ್ಷೆಗೂ ಸಹಪಂಕ್ತಿಗೂ ವ್ಯತ್ಯಾಸವುಂಟು. ಎಲ್ಲರೊಡನೆ ಕುಳಿತು ಉಣ್ಣುವವನು ಭಿಕ್ಷುಕನಲ್ಲ. ಕಳೆದುಕೊಂಡದ್ದನ್ನು ಎಲ್ಲರೂ ಸಮವಾಗಿ ಮರಳಿ ಪಡೆಯುವಲ್ಲಿ ಯಾವ ಮಗುವಿಗೂ ಅವಮಾನವಿಲ್ಲ. ಸ್ವಾಭಿಮಾನವನ್ನು ಬೆಳೆಸಬೇಕೆಂಬುದೇ ನಿಜವಾದ ಉದ್ದೇಶವಾದರೆ ಮಕ್ಕಳಿಗೆ ಹೊಣೆಯನ್ನು ಕೊಡಬೇಕು. ಬಂದ ಪುಸ್ತಕಗಳನ್ನು ಜೋಡಿಸಿ ಪಟ್ಟಿ ಮಾಡುವುದು, ಸಣ್ಣ ಮಕ್ಕಳಿಗೆ ಬಟ್ಟೆಯ ಅಳತೆ ನೋಡಿ ಹಂಚುವುದು, ಊಟದ ಪಂಕ್ತಿಯಲ್ಲಿ ನೀರು ಬಡಿಸುವುದು, ಶಾಲೆಯಂಗಳದ ಹೂಳು ತೆಗೆದು ಗಿಡ ನೆಡುವುದು. ಇವು ಹಿರಿಯ ಮಕ್ಕಳು ಮಾಡಬಲ್ಲ ಕೆಲಸಗಳು. ಪಡೆಯುವ ಕೈಯೇ ಕೊಡುವ ಕೈಯೂ ಆದಾಗ ಮಗುವಿನ ತಲೆ ತಾನಾಗಿ ಎತ್ತುತ್ತದೆ. ಅದಕ್ಕೆ ಯಾರನ್ನೂ ಸೋಲಿಸಬೇಕಾಗಿಲ್ಲ.

‘ದಾನಿಗಳಿಗೆ ಮಕ್ಕಳ ಕಥೆಯನ್ನು ತೋರಿಸದಿದ್ದರೆ ಹಣ ಬರುವುದಿಲ್ಲ’ ಎಂಬುದು ಮೂರನೆಯ ಮಾತು. ಇದರಲ್ಲಿ ಕಹಿಯಾದ ಸತ್ಯಾಂಶವಿದೆ. ಆದರೆ ಈ ಕಹಿಯನ್ನು ಲೋಕವು ಮೊದಲೇ ಕಂಡು ವಿಧಿಯೊಂದನ್ನು ರೂಪಿಸಿದೆ. ೧೯೯೪ರಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಮತ್ತು ಇತರ ಸೇವಾಸಂಸ್ಥೆಗಳು ಸೇರಿ ವಿಪತ್ಪರಿಹಾರಕ್ಕಾಗಿ ಹತ್ತು ತತ್ತ್ವಗಳ ಆಚಾರಸಂಹಿತೆಯೊಂದನ್ನು ಒಪ್ಪಿಕೊಂಡವು. ನೆರವಿನ ಆದ್ಯತೆಯನ್ನು ಅಗತ್ಯವೊಂದರಿಂದಲೇ ನಿರ್ಣಯಿಸಬೇಕೆಂಬುದು ಅದರಲ್ಲಿದೆ. ಪ್ರಚಾರದಲ್ಲಿ ಸಂತ್ರಸ್ತರನ್ನು ದಿಕ್ಕುಗೆಟ್ಟ ವಸ್ತುಗಳಂತೆ ತೋರಿಸದೆ ಘನತೆಯುಳ್ಳ ಮನುಷ್ಯರೆಂದು ಕಾಣಬೇಕೆಂಬುದೂ ಅದರಲ್ಲಿದೆ. ೧೯೮೯ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ, ಭಾರತವು ೧೯೯೨ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯು, ಮಕ್ಕಳಿಗೆ ಸಂಬಂಧಿಸಿದ ಎಲ್ಲ ಕಾರ್ಯಗಳಲ್ಲಿಯೂ ಮಗುವಿನ ಹಿತಕ್ಕೆ ಪ್ರಾಧಾನ್ಯವಿರಬೇಕೆನ್ನುತ್ತದೆ. ಮಗುವಿಗೂ ಖಾಸಗಿತನವುಂಟೆಂದು ಹೇಳುತ್ತದೆ. ಇವು ಹೊರಗಿನಿಂದ ಬಂದ ಹೊಸ ಮಾತುಗಳೆಂದು ಭಾವಿಸಬೇಕಾಗಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಹಳ್ಳಿಯ ಮುದುಕರು ಆಡುತ್ತ ಬಂದ ಮಾತಿನ ಅರ್ಥವೂ ಇದೇ. ಅಂಗಿಯಿಲ್ಲದ ಮಗುವಿಗೆ ಅಂಗಿ ಕೊಡುವಾಗ ತೆಗೆದ ಛಾಯಾಚಿತ್ರದಲ್ಲಿ ಆ ಮಗು ಎಂದೆಂದಿಗೂ ಅಂಗಿಯಿಲ್ಲದೆಯೇ ನಿಂತಿರುತ್ತದೆಂಬುದನ್ನು ದಾನಿಗಳು ನೆನೆಯುವುದು ಒಳ್ಳೆಯದು.

ಇದೇ ಪ್ರಸಂಗದಲ್ಲಿ ಕೊಡುವ ಕಡೆಯ ಶಾಲೆಗಳ ವಿಷಯವನ್ನೂ ಹೇಳಬೇಕಾಗಿದೆ. ನೆರೆಪರಿಹಾರಕ್ಕಾಗಿ ನಿಧಿ ಕೂಡಿಸುವಾಗ ಯಾವ ತರಗತಿ ಹೆಚ್ಚು ಕೂಡಿಸಿತು, ಯಾವ ವಿದ್ಯಾರ್ಥಿ ಹೆಚ್ಚು ತಂದನು ಎಂದು ಸ್ಪರ್ಧೆಯನ್ನಿಡುವ ರೂಢಿ ಕೆಲವೆಡೆ ಉಂಟು. ಅಲ್ಲಿ ವರ್ತಕರ ಮಗನು ತಂದೆಯ ಕಡೆಯಿಂದ ಒಂದು ನೋಟನ್ನು ತಂದು ಮೊದಲಿಗನಾಗುತ್ತಾನೆ. ಕೂಲಿಯವಳ ಮಗಳು ತನ್ನ ಜಾತ್ರೆಯ ದುಡ್ಡನ್ನೆಲ್ಲ ತಂದು ಕಡೆಯವಳಾಗುತ್ತಾಳೆ. ಯಾರ ತ್ಯಾಗ ದೊಡ್ಡದೆಂಬುದು ಫಲಕದ ಮೇಲಿನ ಅಂಕಿಗಳಿಂದ ತಿಳಿಯುವುದಿಲ್ಲ. ಮಠಗಳ ಸಂಪ್ರದಾಯದಲ್ಲಿ ಜೋಳಿಗೆಯೆಂಬ ಸಾಧನವೊಂದಿದೆ. ಅದರ ಬಾಯೊಳಗೆ ಕೈ ಹೋದ ಮೇಲೆ ಯಾರು ಹಿಡಿ ಹಾಕಿದರು, ಯಾರು ಚಿಟಿಕೆ ಹಾಕಿದರು ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಸಾಹುಕಾರನ ಅಕ್ಕಿಯೂ ಬಡವನ ನುಚ್ಚೂ ಒಂದೇ ಒಡಲಿನಲ್ಲಿ ಬೆರೆತು ಒಂದೇ ಪ್ರಸಾದವಾಗುತ್ತದೆ. ಮಕ್ಕಳಿಗೆ ದಾನವನ್ನು ಕಲಿಸಬಯಸುವ ಶಾಲೆಗೆ ಫಲಕಕ್ಕಿಂತ ಜೋಳಿಗೆಯೇ ಒಳ್ಳೆಯ ಉಪಾಧ್ಯಾಯ.

ಹನ್ನೆರಡನೆಯ ಶತಮಾನದ ಶರಣರು ‘ದಾನ’ ಎಂಬ ಶಬ್ದಕ್ಕಿಂತ ‘ದಾಸೋಹ’ ಎಂಬ ಶಬ್ದಕ್ಕೆ ಹೆಚ್ಚಿನ ಮನ್ನಣೆ ಕೊಟ್ಟದ್ದರ ಹಿಂದೆ ಗಾಢವಾದ ವಿವೇಕವಿದೆ. ದಾನದಲ್ಲಿ ಕೊಡುವವನು ಮೇಲೆ, ಪಡೆಯುವವನು ಕೆಳಗೆ ನಿಲ್ಲುವ ಸಂಭವವುಂಟು. ದಾಸೋಹದಲ್ಲಿ ಕೊಡುವವನೇ ದಾಸ. ಅವನು ತನ್ನದನ್ನು ಕೊಡುತ್ತಿಲ್ಲ. ಸಮಾಜದಿಂದ ಬಂದದ್ದನ್ನು ಸಮಾಜಕ್ಕೆ ಸಲ್ಲಿಸುತ್ತಿದ್ದಾನೆ. ತುಮಕೂರಿನ ಸಿದ್ಧಗಂಗಾಮಠದಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳವರು (೧೯೦೭–೨೦೧೯) ದಶಕಗಳ ಕಾಲ ಸಾವಿರಾರು ಬಾಲಕರಿಗೆ ಜಾತಿ ಮತಗಳನ್ನು ಕೇಳದೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು. ಆ ಪಂಕ್ತಿಯಲ್ಲಿ ಕುಳಿತು ಉಂಡು ಬೆಳೆದವರು ನಾಡಿನ ಎಲ್ಲ ಕ್ಷೇತ್ರಗಳಲ್ಲಿಯೂ ಇದ್ದಾರೆ. ಆ ಅನ್ನವನ್ನು ನೆನೆಯುವಾಗ ಅವರ ಕಣ್ಣು ತುಂಬುತ್ತದೆಯೇ ಹೊರತು ತಲೆ ತಗ್ಗುವುದಿಲ್ಲ. ಪಕ್ಕದ ಎಲೆಗೆ ಬಿದ್ದದ್ದೇ ತಮ್ಮ ಎಲೆಗೂ ಬಿದ್ದಿತೆಂಬುದೇ ಅದಕ್ಕೆ ಕಾರಣ.

ಹಾಗಾದರೆ ನೊಂದ ಊರುಗಳ ಮಕ್ಕಳಿಗೆ ಸ್ಪರ್ಧೆಯೇ ಬೇಡವೆ? ಹಾಗೆನ್ನುವುದು ಅತಿರೇಕ. ಸ್ಪರ್ಧೆಯು ಬಾಲ್ಯದ ಸಹಜವಾದ ಆನಂದಗಳಲ್ಲೊಂದು. ಖೊಖೊ, ಕಬಡ್ಡಿ, ಓಟ, ಹಾಡು, ಒಗಟು ಬಿಡಿಸುವುದು, ಕಂಠಪಾಠ ಇವೆಲ್ಲ ನಡೆಯಲಿ. ಮನೆಯಂಗಳ ಕಳೆದುಕೊಂಡ ಮಕ್ಕಳಿಗೆ ಆಟದ ಅಂಗಳವಾದರೂ ಬೇಗ ಮರಳಿ ಸಿಗಲಿ. ಆದರೆ ಅದಕ್ಕೆ ಕೆಲವು ಮೇರೆಗಳಿರಬೇಕು. ಮೊದಲು ಆವಶ್ಯಕವಾದದ್ದು ಎಲ್ಲರಿಗೂ ಸಲ್ಲಬೇಕು. ಅದಾದ ಬಳಿಕ ಸ್ಪರ್ಧೆ. ಬಹುಮಾನವು ಅನ್ನ, ಬಟ್ಟೆ, ಹೊದಿಕೆ, ಪಠ್ಯಪುಸ್ತಕಗಳಾಗಬಾರದು. ಗೆದ್ದ ಸಂತೋಷಕ್ಕೆ ಗುರುತಾಗುವಂಥ ಸಣ್ಣ ವಸ್ತುವಾಗಿರಬೇಕು. ವಿಷಯವು ಮಕ್ಕಳ ಹಾನಿಯಾಗಲಿ, ಅವರ ಸತ್ತ ಬಂಧುಗಳಾಗಲಿ ಆಗಕೂಡದು. ಮಳೆಬಿಲ್ಲು, ಊರ ಜಾತ್ರೆ, ಪ್ರೀತಿಯ ಎತ್ತು, ಮುಂದೆ ತಾನೇನಾಗಬೇಕೆಂಬ ಕನಸು ಇರಬಹುದು. ಮಗುವೊಂದು ತಾನಾಗಿಯೇ ನೆರೆಯನ್ನು ಕುರಿತು ಬರೆದು ತಂದರೆ ಗುರುಗಳು ಅದನ್ನು ಪ್ರೀತಿಯಿಂದ ಓದಿ ಅದಕ್ಕೇ ಹಿಂದಿರುಗಿಸಬೇಕು. ಅದು ಮಗುವಿನ ಸ್ವತ್ತು, ಯಾವ ಸಂಸ್ಥೆಯ ವರದಿಯ ಸ್ವತ್ತೂ ಅಲ್ಲ. ಭಾಗವಹಿಸಿದವರಿಗೂ ವಹಿಸದವರಿಗೂ ಒಂದೇ ಸಿಹಿ ಹಂಚಬೇಕು. ಇಷ್ಟು ಮೇರೆಗಳನ್ನು ಪಾಲಿಸಿದರೆ ಸ್ಪರ್ಧೆಯು ಆಟವಾಗಿಯೇ ಉಳಿಯುತ್ತದೆ.

ಈ ಮೇರೆಗಳನ್ನು ಕಾಯುವ ಭಾರ ಕಡೆಯಲ್ಲಿ ಬೀಳುವುದು ಹಳ್ಳಿಯ ಶಾಲೆಯ ಉಪಾಧ್ಯಾಯರ ಮೇಲೆ. ಸಾಮಗ್ರಿಗಳೊಡನೆ ಬಾಗಿಲಿಗೆ ಬಂದ ದಾನಿಗಳಿಗೆ ‘ಬೇಡ’ವೆನ್ನುವುದು ಸುಲಭವಲ್ಲ. ತಮ್ಮ ಮನೆಯ ಗೋಡೆಯೂ ಬಿದ್ದಿರುವಾಗ, ಮಕ್ಕಳ ಚೀಲಗಳು ಖಾಲಿಯಿರುವಾಗ, ಬಂದವರನ್ನು ಬೇಸರಪಡಿಸಿ ಕಳುಹಿಸುವ ಧೈರ್ಯ ಯಾರಿಗಿದ್ದೀತು? ಆದರೆ ‘ಬೇಡ’ ಎನ್ನಬೇಕಾದ ಅಗತ್ಯವಿಲ್ಲ. ‘ಕೊಡುವುದನ್ನು ಎಲ್ಲರಿಗೂ ಕೊಡಿ, ಸಾಲದಿದ್ದರೆ ಯಾರಿಗೆ ಮೊದಲು ಬೇಕೆಂಬುದನ್ನು ನಾವು ತಿಳಿಸುತ್ತೇವೆ, ಮಕ್ಕಳೊಡನೆ ಆಡಿ, ಹಾಡಿ, ಊಟ ಮಾಡಿ ಹೋಗಿ’ ಎಂದು ವಿನಯದಿಂದ ಹೇಳಿದರೆ ಸಾಕು. ಸದ್ಭಾವದಿಂದ ಬಂದವರು ಆ ಮಾತಿಗೆ ತಲೆದೂಗಿಯೇ ತೀರುತ್ತಾರೆ. ತಲೆದೂಗದವರು ಬಂದದ್ದು ಮಕ್ಕಳಿಗಾಗಿ ಅಲ್ಲವೆಂಬುದು ಅಲ್ಲಿಗೆ ಸ್ಪಷ್ಟವಾಗುತ್ತದೆ.

ಊರುಗಳು ಮತ್ತೆ ಕಟ್ಟಲ್ಪಡುತ್ತವೆ, ಗೋಡೆಗಳು ಏಳುತ್ತವೆ, ಹೊಳೆಗಳು ತಮ್ಮ ಪಾತ್ರಕ್ಕೆ ಮರಳುತ್ತವೆ. ಖಾಲಿ ಹಾಳೆಯನ್ನು ಹಿಂದಿರುಗಿಸಿದ ಆ ಮಗುವು ಮಾತ್ರ ಬಹುಕಾಲ ತನ್ನ ಮೌನದೊಡನೆ ನಡೆಯಬೇಕಾಗಿದೆ. ಅಂಥ ಮಗುವಿನ ಹಾಳೆಯನ್ನು ಅಂಕವಿಲ್ಲದೆ ಕೈಗೆ ತೆಗೆದುಕೊಂಡು, ಅದರ ತಲೆಯ ಮೇಲೆ ಕೈಯಿಟ್ಟು, ಎಲ್ಲರೊಡನೆ ಪಂಕ್ತಿಗೆ ಕರೆದೊಯ್ಯುವ ಗುರುಗಳು ಪ್ರತಿಯೊಂದು ಶಾಲೆಯಲ್ಲಿಯೂ ಇರಲಿ. ಕೊಡುವ ಕೈಗಳಿಗೆ ಲಜ್ಜೆಯೂ, ಪಡೆಯುವ ಕೈಗಳಿಗೆ ನಿರ್ಭಯವೂ ಉಂಟಾಗಲಿ.